ಅಹಿಂಸಾಣುವ್ರತವೂ ನಾಯಿಮರಿಯ ವ್ಯಾಪಾರವೂ


ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಲಾಭಕ್ಕಾಗಿ ಹೆಣ್ಣುನಾಯಿಯನ್ನು ಸದಾ ಪಂಜರದಲ್ಲಿಡುವುದು ಬಂಧ. ಅಂದಕ್ಕೆಂದು ಮರಿಯ ಕಿವಿ, ಬಾಲ ಕತ್ತರಿಸುವುದು ಛೇದ. ತಾಯಿಗೆ ಬಿಡುವಿಲ್ಲದೆ ಮರಿ ಹಾಕಿಸುವುದು ಅತಿಭಾರವೇ ಸರಿ. ಎಳೆಮರಿಯನ್ನು ಮೊಲೆಹಾಲಿನಿಂದ ಅಗಲಿಸುವುದು ಅನ್ನಪಾನನಿರೋಧ.

2017ರ ಕೇಂದ್ರ ನಿಯಮಗಳು ನಾಯಿತಳಿ ಬೆಳೆಸುವವರ ನೋಂದಣಿಯನ್ನು ಕಡ್ಡಾಯಗೊಳಿಸಿ, 8 ವಾರ ತುಂಬದ ಮರಿಯ ಮಾರಾಟವನ್ನು ನಿಷೇಧಿಸಿವೆ. ಆದರೆ ಕೊಳ್ಳುವವನು ತಾನು ಹಿಂಸಿಸಲಿಲ್ಲವೆಂದು ಪಾರಾಗಲಾರನು. ಕೃತದಂತೆ ಕಾರಿತ, ಅನುಮೋದನೆಗಳೂ ಆಸ್ರವಕ್ಕೆ ಕಾರಣ. ಅಷ್ಟಮಿ, ಚತುರ್ದಶಿಗಳಂದು ಉಪವಾಸವಿರುವ ಮನೆಯು ಮೂಕಪ್ರಾಣಿಯ ಹಸಿವಿಗೆ ಹಣ ತೆರಬಹುದೇ?

ಆದುದರಿಂದ ನೋಂದಣಿಪತ್ರವನ್ನೂ, ತಾಯಿನಾಯಿಯನ್ನೂ, ಅದರ ನೆಲೆಯನ್ನೂ ಕಣ್ಣಾರೆ ಕಾಣದೆ ಮರಿಯನ್ನು ಕೊಳ್ಳಬಾರದು. ಅದಕ್ಕಿಂತಲೂ, ನಮ್ಮ ಕೊಪ್ಪದ ಬೀದಿಯ ಅನಾಥ ಮರಿಯೊಂದಕ್ಕೆ ಆಶ್ರಯವೀಯುವುದು ಲೇಸು, ಅದು ಅಭಯದಾನ.