ಇಂದಿನ ಧಮ್ಮ ಚಿಂತನೆ: ನಗುವಿನ ಹಿಂದಿನ ನೋವು



ಇಂಗ್ಲಿಷಿನಲ್ಲಿ 'ಪುಟ್ ಆನ್ ಎ ಬ್ರೇವ್ ಫೇಸ್' ಎಂದರೆ ನೋವಿದ್ದರೂ ಮುಖದಲ್ಲಿ ಧೈರ್ಯ ತೋರುವುದು. 'ಬಾಟಲ್ ಅಪ್' ಎಂದರೆ ನೋವನ್ನು ಒಳಗೇ ಅದುಮಿಡುವುದು.

ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಜನ?" ಎಂದರು. ನಕ್ಕು ಮಾತು ತಿರುಗಿಸಿದೆ. ಅದನ್ನೇ ಶಾಂತಿ ಅಂದುಕೊಂಡೆ. ರಾತ್ರಿ ನಿದ್ದೆ ಬರಲಿಲ್ಲ.

1917ರಲ್ಲಿ ಬರೋಡದಲ್ಲಿ ಬಾಬಾಸಾಹೇಬರು ಪಾರ್ಸಿ ಹೆಸರಿನಲ್ಲಿ ವಸತಿಗೃಹದಲ್ಲಿ ತಂಗಬೇಕಾಯಿತು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು. ಮುಂದೆ ಆ ನೋವನ್ನು ಅವರು ಮುಚ್ಚಿಡಲಿಲ್ಲ, 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದರು.

ಸತಿಪಟ್ಠಾನ ಕಲಿಸುವುದೂ ಇದನ್ನೇ: ದುಃಖದ ವೇದನೆ ಬಂದಾಗ ಅದನ್ನು ದುಃಖವೆಂದೇ ಅರಿಯುವುದು. ಅದುಮಿದ್ದು ಶಾಂತಿಯಲ್ಲ. ಇಂದು ನಿಮ್ಮ ಒಂದು ನೋವನ್ನು ನಂಬಿಕೆಯ ಬಂಧುವೊಬ್ಬರಿಗೆ ಹೇಳಿ.

ಭವತು ಸಬ್ಬ ಮಂಗಲಂ 🙏