ಚೌಕಾಬಾರ: ಕೂತ ಕಾಯಿಯ ಲೆಕ್ಕ

ಚೌಕಾಬಾರ ಆಡುವಾಗ ನಾವೆಲ್ಲ ಒಂದೇ ಕಾಯಿ ಹಿಡಿದು ಓಡಿಸುತ್ತೇವೆ. ನಮ್ಮಜ್ಜಿ ಹಾಗಲ್ಲ. ಗುಣಿಸು ಗುರುತಿನ ಕಟ್ಟೆ ಮನೆಯಲ್ಲಿ ಒಂದು ಕಾಯಿ ಕೂರಿಸಿ, ಬಿದ್ದ ಗರವನ್ನೆಲ್ಲ ಬೇರೆ ಕಾಯಿಗೆ ನಡೆಸ್ತಾರೆ. ಸೋಮಾರಿ ಕಾಯಿ ಅಂತ ನಗಬೇಡಿ, ಅದರಲ್ಲಿ ಗಣಿತ ಇದೆ.

ಒಂದು ಮಗ್ಗುಲು ತೇಯ್ದ ನಾಲ್ಕು ಹುಣಸೆಬೀಜ ಹಾಕಿದರೆ ಅವು ಬೀಳುವ ರೀತಿ 2×2×2×2, ಅಂದರೆ 16. ಅದರಲ್ಲಿ ಒಂದು ಬೀಳುವುದು 4 ರೀತಿ, ಎರಡು 6 ರೀತಿ, ಮೂರು 4 ರೀತಿ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು, ಅದೇ ಬಾರ. ಇವು ಒಂದೊಂದೇ ರೀತಿ. ನಂಬಿಕೆ ಬಾರದಿದ್ದರೆ ಸ್ಲೇಟಿನಲ್ಲಿ ಬರೆದು ಎಣಿಸಿ. (ಬೀಜ ಓರೆಯಾಗಿ ತೇಯ್ದಿದ್ದರೆ ಲೆಕ್ಕ ತಪ್ಪುತ್ತೆ, ನನ್ನನ್ನು ಬೈಬೇಡಿ!)

ಈಗ ಮನೆಗಳನ್ನು ನೋಡಿ. ಒಟ್ಟು 25, ಹೊರಸುತ್ತಿನಲ್ಲಿ 16. ಕಟ್ಟೆ ಇರೋದು ಪ್ರತಿ ಬದಿಯ ನಡುವೆ. ಅಲ್ಲಿಂದ ಎಣಿಸಿದರೆ ಮೂಲೆಮನೆ ಸರಿಯಾಗಿ ಎರಡನೆಯದು! ಮೂಲೆಯಲ್ಲಿ ನಿಂತವರನ್ನು ಕಡಿಯಲು ಅಜ್ಜಿಗೆ 16ರಲ್ಲಿ 6 ದಾರಿ. ಕಟ್ಟೆಯಲ್ಲಿರುವ ಅಜ್ಜಿ ಕಾಯಿಯನ್ನೋ ಯಾರೂ ಕಡಿಯುವಂತಿಲ್ಲ. ನಮ್ಮ ಮನೆ ಆಟದಲ್ಲಿ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಹಾಗಾಗಿ ಸುಮ್ಮನೆ ಓಡಿದವರು ಹೊರಗೇ ಮತ್ತೆ ಸುತ್ತಿ ಅಜ್ಜಿಯ ಮುಂದೆಯೇ ಬರಬೇಕು.

ಒಂದೇ ತೊಂದರೆ. ಉಳಿದ ಕಾಯಿಗಳು ಬೇಗ ಹಣ್ಣಾದರೆ ಕೂತದ್ದನ್ನು ಎಬ್ಬಿಸಲೇ ಬೇಕು. ಎರಡು ಕಾಯಿಯಾದರೂ ಓಡಾಡುತ್ತಿರಲಿ. ಎದುರಾಳಿ ಹಿಂದಿನ ಕಟ್ಟೆಯಲ್ಲಿ ಕೂತಿದ್ದರೆ ಮೂಲೆಯಲ್ಲಿ ಮಾತ್ರ ನಿಲ್ಲಬೇಡಿ.