ಇರುಳಿನ ಬಾನಿಗೆ ವರ್ಣ ಕ್ಯಾಮರಾವೋ, ಏಕವರ್ಣ ಕ್ಯಾಮರಾವೋ?

ಬ್ಯಾಡಗಿಯ ಸುತ್ತಲಿನ ಕಣಗಳಲ್ಲಿ ಒಣಹಾಕಿದ ಮೆಣಸಿನಕಾಯಿಯ ರಾಶಿಯನ್ನು ಹಗಲಿನಲ್ಲಿ ಕಂಡವರು ಅದರ ಕೆಂಪನ್ನು ಮರೆಯಲಾರರು. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಕಾಯಿ ಅದು. ಅದೇ ರಾಶಿ ಬೆಳದಿಂಗಳಿನಲ್ಲಿ ಕರಿಯ ಗುಡ್ಡೆಯಂತೆ ತೋರುತ್ತದೆ. ಕಾಯಿಯ ಬಣ್ಣ ಎಲ್ಲಿಯೂ ಹೋಗಿಲ್ಲ. ಬದಲಾದುದು ನಮ್ಮ ಕಣ್ಣಿನ ವ್ಯವಹಾರ. ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳುಂಟು. ಬಣ್ಣವನ್ನು ಗುರುತಿಸುವ ಶಂಕುಕೋಶಗಳು ಸುಮಾರು ೬೦ ಲಕ್ಷ. ಅವಕ್ಕೆ ಹೇರಳವಾದ ಬೆಳಕು ಬೇಕು. ಬಣ್ಣವನ್ನರಿಯದ ದಂಡಕೋಶಗಳು ಸುಮಾರು ೧೨ ಕೋಟಿ. ಮಸಕಿನಲ್ಲಿ ದುಡಿಯುವವು ಇವೇ. ಕೆಂಪಿನ ಮಟ್ಟಿಗೆ ಇವು ಬಹುಪಾಲು ಕುರುಡು. ಬೆಳಕು ಕಡಮೆಯಾದಾಗ ಕಣ್ಣು ಬಣ್ಣವನ್ನು ಬಿಟ್ಟುಕೊಟ್ಟು ನೋಟವನ್ನು ಉಳಿಸಿಕೊಳ್ಳುತ್ತದೆ.

ದೂರದರ್ಶಕಕ್ಕೆ ಕ್ಯಾಮರಾ ಜೋಡಿಸಬೇಕೆನ್ನುವವರ ಮುಂದೆಯೂ ಇದೇ ಪ್ರಶ್ನೆ ನಿಲ್ಲುತ್ತದೆ. ಹಾವೇರಿಯ ಅಥವಾ ರಾಣೆಬೆನ್ನೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಹಣ ಕೂಡಿಸಿ ಒಂದೇ ಒಂದು ಕ್ಯಾಮರಾ ಕೊಳ್ಳುವರೆಂದು ಭಾವಿಸೋಣ. ಆಯ್ಕೆ ತಪ್ಪಿದರೆ ಮತ್ತೊಂದನ್ನು ಕೊಳ್ಳುವ ಅನುಕೂಲವಿರುವುದಿಲ್ಲ.

ಇಂಥ ಕ್ಯಾಮರಾದ ಜೀವಾಳ ಸಿಲಿಕಾನಿನ ಒಂದು ಪುಟ್ಟ ಬಿಲ್ಲೆ. ಈ ಬಗೆಯ ಉಪಕರಣಗಳಿಗೆ ದಾರಿ ಮಾಡಿಕೊಟ್ಟ ಸಿ.ಸಿ.ಡಿ.ಯನ್ನು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಕಂಡುಹಿಡಿದರು. ೨೦೦೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬಿಲ್ಲೆಯ ಮೇಲೆ ಪಿಕ್ಸೆಲ್ ಎಂಬ ಲಕ್ಷಾಂತರ ಗೂಡುಗಳಿವೆ. ಪ್ರತಿ ಗೂಡೂ ತನ್ನೊಳಗೆ ಬಿದ್ದ ಬೆಳಕನ್ನು ಅಳೆಯುತ್ತದೆ. ಅದು ಕೆಂಪೋ ನೀಲಿಯೋ ಎಂಬುದನ್ನು ಅರಿಯದು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬಾತ ಇದಕ್ಕೊಂದು ಉಪಾಯ ಹೂಡಿ ೧೯೭೬ರಲ್ಲಿ ಪೇಟೆಂಟು ಪಡೆದ. ನಾಲ್ಕು ನಾಲ್ಕು ಗೂಡುಗಳ ಗುಂಪು ಮಾಡಿ, ಎರಡಕ್ಕೆ ಹಸುರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಶೋಧಕವನ್ನು ಹೊದಿಸುವುದೇ ಆ ಉಪಾಯ. ಗೂಡೊಂದು ಕಾಣದ ಬಣ್ಣಗಳನ್ನು ನೆರೆಯ ಗೂಡುಗಳಿಂದ ಊಹಿಸಿ ತುಂಬುತ್ತಾರೆ. ಇಂದಿನ ಬಹುತೇಕ ವರ್ಣ ಕ್ಯಾಮರಾಗಳು ಹೀಗೆ ಬಣ್ಣದ ಕನ್ನಡಕ ತೊಟ್ಟ ಏಕವರ್ಣ ಕ್ಯಾಮರಾಗಳೇ.

ಏಕವರ್ಣ ಕ್ಯಾಮರಾ ಮೂರು ಪಟ್ಟು ಬೆಳಕು ಹಿಡಿಯುತ್ತದೆ ಎಂಬ ಮಾತನ್ನು ಕೇಳುತ್ತೇವೆ. ಲೆಕ್ಕ ಹಾಕಿ ನೋಡೋಣ. ವರ್ಣ ಕ್ಯಾಮರಾದಲ್ಲಿ ೬೦ ನಿಮಿಷ ಚಿತ್ರ ತೆಗೆದರೆ, ಕಾಲುಭಾಗ ಗೂಡುಗಳು ಕೆಂಪನ್ನು ೬೦ ನಿಮಿಷ ಕಂಡಿರುತ್ತವೆ. ಇಡೀ ಬಿಲ್ಲೆ ೧೫ ನಿಮಿಷ ಕಂಡಂತಾಯಿತು. ನೀಲಿಯೂ ೧೫, ಹಸುರು ೩೦. ಏಕವರ್ಣ ಕ್ಯಾಮರಾದ ಮುಂದೆ ಮೂರು ಶೋಧಕಗಳನ್ನು ಸರದಿಯಾಗಿ ಇಟ್ಟರೆ ಒಂದೊಂದಕ್ಕೆ ೨೦ ನಿಮಿಷ. ಎರಡು ಕಡೆಯೂ ಮೊತ್ತ ೬೦! ಲಾಭ ಕಾಣುವುದು ಶೋಧಕವನ್ನೇ ತೆಗೆದು ಬಣ್ಣದ ಆಸೆ ಬಿಟ್ಟಾಗ, ಇಲ್ಲವೆ ಒಂದೇ ಬಣ್ಣವನ್ನು ಹಿಡಿಯಲು ಹೊರಟಾಗ.

ಮಹಾವ್ಯಾಧ ಪುಂಜದ ನೀಹಾರಿಕೆಯನ್ನೇ ತೆಗೆದುಕೊಳ್ಳಿ. ಫೆಬ್ರವರಿಯ ಮೊದಲಲ್ಲಿ ರಾತ್ರಿ ೯ರ ಸುಮಾರಿಗೆ ಅದು ಹಾವೇರಿಯ ದಕ್ಷಿಣ ಬಾನಿನಲ್ಲಿ ಸುಮಾರು ೭೦ ಡಿಗ್ರಿ ಎತ್ತರದಲ್ಲಿರುತ್ತದೆ. ಅಲ್ಲಿಯ ಜಲಜನಕ ಸೂಸುವ ಕೆಂಪು ಬೆಳಕಿನ ತರಂಗದೂರ ೬೫೬.೩ ನ್ಯಾನೋಮೀಟರ್. ಇದಕ್ಕೆ ವರ್ಣ ಕ್ಯಾಮರಾದ ನಾಲ್ಕರಲ್ಲಿ ಒಂದು ಗೂಡು ಮಾತ್ರ ಚೆನ್ನಾಗಿ ಸ್ಪಂದಿಸುತ್ತದೆ. ಏಕವರ್ಣದಲ್ಲಿ ಎಲ್ಲವೂ ಸ್ಪಂದಿಸುತ್ತವೆ. ಈ ಒಂದು ಕಿರಣವನ್ನಷ್ಟೆ ಬಿಡುವ ಶೋಧಕವನ್ನಿಟ್ಟರೆ ಹೆದ್ದಾರಿಯ, ಪೇಟೆಯ ದೀಪಗಳ ಬೆಳಕಿನ ಬಹುಭಾಗ ಹೊರಗುಳಿಯುತ್ತದೆ. ಆದ್ದರಿಂದ ಹಾವೇರಿ ಪೇಟೆಯ ಮಾಳಿಗೆಯಿಂದ ನೀಹಾರಿಕೆಗಳನ್ನು ಹಿಡಿಯಬೇಕೆನ್ನುವವರಿಗೆ ಏಕವರ್ಣವೇ ತಕ್ಕುದು.

ವೃತ್ತಿ ಖಗೋಳಜ್ಞರ ಒಲವೂ ಇತ್ತಲೇ. ಲಡಾಖಿನ ಹಾನ್ಲೆಯಲ್ಲಿರುವ ೨ ಮೀಟರ್ ಅಗಲದ ಕನ್ನಡಿಯ ಹಿಮಾಲಯ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಅದರ ಕ್ಯಾಮರಾ ಏಕವರ್ಣದ್ದು; ಮುಂದೆ ಶೋಧಕಗಳ ಚಕ್ರ. ಅವರಿಗೆ ಬೇಕಾದುದು ಅಂದದ ಚಿತ್ರಕ್ಕಿಂತ ಹೆಚ್ಚಾಗಿ ಒಂದೊಂದು ಬಣ್ಣದಲ್ಲಿ ನಕ್ಷತ್ರದ ಪ್ರಕಾಶವನ್ನು ಹೇಳುವ ಅಂಕಿ.

ಆದರೂ ಕಾಲೇಜಿನ ಮೊದಲ ಕ್ಯಾಮರಾ ವರ್ಣದ್ದೇ ಇರಲಿ ಎಂದು ನಾನು ಹೇಳುವೆನು. ಶೋಧಕಗಳಿಗೂ ಅವುಗಳ ಚಕ್ರಕ್ಕೂ ಬೇರೆ ಹಣ ತೆರಬೇಕು. ಕೆಂಪಿನ ಸರದಿ ಮುಗಿದು ನೀಲಿಯ ಸರದಿ ಬರುವಷ್ಟರಲ್ಲಿ ಮೋಡ ಕವಿದರೆ ಬಣ್ಣದ ಚಿತ್ರವಿಲ್ಲ. ನಮ್ಮ ಸೀಮೆಯ ಮೋಡಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ೧೦ ಗಂಟೆಗೂ ಕಡಮೆ ಅವಧಿಯಲ್ಲಿ ಒಮ್ಮೆ ಸುತ್ತುವ ಗುರುಗ್ರಹವಂತೂ ಶೋಧಕ ಬದಲಿಸುವುದು ತಡವಾದರೆ ಅಷ್ಟರಲ್ಲಿಯೇ ಹೊರಳಿರುತ್ತದೆ. ನೆರೆದ ಮಕ್ಕಳಿಗೆ ಪರದೆಯ ಮೇಲೆ ಆಗಿಂದಾಗ ತೋರಿಸಲು ಒಂದೇ ಸಲಕ್ಕೆ ಬಣ್ಣ ಕೊಡುವ ಉಪಕರಣವೇ ಲೇಸು. ಪೇಟೆಯ ದೀಪಗಳಿಂದ ದೂರವಾದ ರಾಣೆಬೆನ್ನೂರು, ಬ್ಯಾಡಗಿಗಳ ಹಳ್ಳಿಗಾಡಿನಲ್ಲಿ ನೀಹಾರಿಕೆಗಳೂ ಅದಕ್ಕೆ ಒಲಿಯುತ್ತವೆ.

೨೦೨೮ರ ಡಿಸೆಂಬರ್ ೩೧ರಂದು ಚಂದ್ರಗ್ರಹಣವಿದೆ. ಅಂದು ರಾತ್ರಿ ೧೦ರ ಹೊತ್ತಿಗೆ ನಮ್ಮ ನಾಡಿನಲ್ಲಿ ಚಂದ್ರನು ಪೂರ್ಣಗ್ರಸ್ತನಾಗಿರುತ್ತಾನೆ. ಭೂಮಿಯ ವಾಯುಮಂಡಲದಲ್ಲಿ ಬಾಗಿದ ಕೆಂಪು ಬೆಳಕು ಅವನ ಮೇಲೆ ಬಿದ್ದು ತಾಮ್ರದ ಬಣ್ಣ ಬರುತ್ತದೆ. ಶೋಧಕವಿಲ್ಲದ ಏಕವರ್ಣ ಕ್ಯಾಮರಾಕ್ಕೆ ಅದು ಬರಿಯ ಬೂದು.